ಬಸ್ಸಿಗೆ ಬಂದ ಫುಲ್‌ಬ್ಯಾಕ್

ಕುಡಿದಿದ್ದಾನೆ ಎಂದೇ ಕಿರ್ಸ್ಟಿ ಅಂದುಕೊಂಡಳು.

ಫೆಬ್ರವರಿಯ ಬೆಳಗು. ಕಿಟಕಿಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಚರ್ಚ್ ಸ್ಟಾಪಿನಲ್ಲಿ ಬಸ್ಸು ಹತ್ತಿದ ಆ ದೊಡ್ಡ ಆಳು ಕಾರ್ಡನ್ನು ಟಿಕೆಟ್ ಯಂತ್ರಕ್ಕೆ ಮುಟ್ಟಿಸಲು ಹೋಗಿ ಗಾಳಿಗೆ ಮುಟ್ಟಿಸಿದ. ಮತ್ತೆ ಕೈ ಚಾಚಿದ. ಈ ಸಲ ಕಾರ್ಡು ಪಕ್ಕದ ಕಂಬಿಗೆ ತಾಗಿತು.

"ಕುಡಿದಿದ್ದೀರಾ?" ಎಂದಳು ಕಿರ್ಸ್ಟಿ, ಡ್ರೈವರ್ ಸೀಟಿನಿಂದ.

"ಹೂಂ, ಚಹಾ."

"ತಮಾಷೆ ಬೇಡ. ಕುಡಿದವರನ್ನ ನಾನು ಹತ್ತಿಸಲ್ಲ."

ಅವನು ಮುಂದಕ್ಕೆ ಬಾಗಿ ಮಗುವಿನ ಹಾಗೆ ಬಾಯಿ ತೆರೆದು ಉಸಿರು ಬಿಟ್ಟ. ಟೂತ್‌ಪೇಸ್ಟ್ ವಾಸನೆ. ಒಂದೆರಡು ಸಲ ಮುರಿದು ಕೂಡಿಕೊಂಡ ಮೂಗು, ಅದರ ಮೇಲೆ ತಿಳಿ ಕಂದು ಕಣ್ಣುಗಳು, ಅವುಗಳಲ್ಲಿ ತಡೆಹಿಡಿದ ನಗು.

"ಪಾಸಾದ್ನಾ?"

"ಮತ್ತೆ ಕೈ ಯಾಕೆ ಹಾಗೆ ಹೋಯ್ತು?"

"ಡ್ರೈವರ್ ಇಷ್ಟು ಚೆನ್ನಾಗಿರ್ತಾರೆ ಅಂತ ಯಾರೂ ಹೇಳಿರ್ಲಿಲ್ಲ."

ಹಿಂದಿನ ಸೀಟಿನಿಂದ ಎನಿಡ್ ಅಜ್ಜಿ ಕಿಸಕ್ಕನೆ ನಕ್ಕಳು. ದಿನಾ ಅದೇ ಬಸ್ಸಿಗೆ ಮಾರ್ಕೆಟ್ಟಿಗೆ ಹೋಗುವವಳು ಅವಳು. "ಹತ್ತಿಸ್ಕೊಳ್ಳೇ ಕಿರ್ಸ್ಟಿ. ಡಾಮ್ ಸಗ್ಡೆನ್ ಅಲ್ವೇನೇ ಅವನು. ಅವನನ್ನ ರಸ್ತೆಯಲ್ಲಿ ಬಿಟ್ಟು ಹೋದೆ ಅಂದ್ರೆ ನಿಮ್ಮಪ್ಪ ನಿನ್ನನ್ನ ಮನೆಗೆ ಸೇರಿಸಲ್ಲ."

ಹೆಸರು ಗೊತ್ತಿಲ್ಲದೆ ಏನು. ಥಾರ್ನ್‌ಬಿಯಂಥ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಉಳಿದದ್ದು ರಗ್ಬಿ ಲೀಗ್ ಒಂದೇ. ಹದಿನಾರನೇ ವಯಸ್ಸಿಗೆ ಕ್ಲಬ್ ಸೇರಿ, ಮೂವತ್ತಮೂರಕ್ಕೂ ಅಲ್ಲೇ ಆಡುತ್ತಿದ್ದ ಡಾಮ್, ತಂಡದ ಎಲ್ಲರಿಗಿಂತ ಹಿಂದೆ ಒಬ್ಬನೇ ನಿಲ್ಲುವ ಫುಲ್‌ಬ್ಯಾಕ್. ಎದುರಾಳಿ ಆಕಾಶಕ್ಕೆ ಒದ್ದ ಚೆಂಡು ಕೆಳಗಿಳಿಯುವಾಗ ಅದರ ಕೆಳಗೆ ನಿಂತಿರಬೇಕಾದವನು, ಅತ್ತ ಹತ್ತಾರು ಕಾಲುಗಳು ತನ್ನ ಮೇಲೆ ಓಡಿಬರುತ್ತಿದ್ದರೂ ಕತ್ತೆತ್ತಿಯೇ ಇರಬೇಕಾದವನು. ಮದುವೆ ಮುರಿದ ಮೇಲೆ ಕಿರ್ಸ್ಟಿ ಮೈದಾನದ ಕಡೆ ಹೋಗಿರಲಿಲ್ಲ. ಕೆಸರು ಮೆತ್ತಿದ ಡಾಮ್‌ನನ್ನು ಟಿವಿಯಲ್ಲಿ ನೋಡಿದ್ದಳೇ ಹೊರತು ಉಣ್ಣೆಯ ಟೋಪಿ ಹಾಕಿದ ಡಾಮ್‌ನನ್ನಲ್ಲ.

ಅವನು ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕುಳಿತ. ತಲೆಯ ಮೇಲಿನ ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದ.

ಅಂದಿನಿಂದ ತರಬೇತಿ ಇದ್ದ ದಿನವೆಲ್ಲ ಅವನು ಅದೇ ಬಸ್ಸಿಗೆ ಬಂದ.

*

ಊರಿನವರ ತಲೆಯೊಳಗೆ ಹುಳ ಹೊಕ್ಕಿತು. ದೇಶದ ಮೇಲ್ಮಟ್ಟದ ಸೂಪರ್ ಲೀಗ್‌ನ ಆಟಗಾರ ಬಸ್ಸಿನಲ್ಲಿ ಯಾಕೆ ಓಡಾಡುತ್ತಾನೆ? ಅವನ ಕಪ್ಪು ಕಾರು ಎಲ್ಲಿ ಹೋಯಿತು?

"ಕುಡಿದು ಓಡಿಸಿ ಲೈಸೆನ್ಸ್ ಕಳ್ಕೊಂಡಿರ್ಬೇಕು," ಎಂದರು ಡಿಪೋದಲ್ಲಿ.

"ಅದಲ್ಲ," ಎಂದ ಕಿರ್ಸ್ಟಿಯ ಅಪ್ಪ ನೆವಿಲ್. ಮೊಣಕಾಲುಗಳು ಕೈಕೊಡುವ ತನಕ ಗಣಿಯಲ್ಲಿ ದುಡಿಯುತ್ತ ಇದೇ ಕ್ಲಬ್ಬಿಗೆ ಆಡಿದವನು. ಈಗ ಕೋಲೂರಿ ನಡೆಯುತ್ತಿದ್ದ. "ಅವನು ನಮ್ಮ ಎದುರಾಳಿ ಹಾಲ್ಡನ್ ಕ್ಲಬ್ ಜೊತೆ ಒಳಗೊಳಗೇ ಮಾತಾಡ್ಕೊಂಡಿದಾನೆ. ಮುಂದಿನ ವರ್ಷ ಅಲ್ಲಿಗೆ ಹೋಗ್ತಾನೆ. ಇಲ್ಲದೆ ಇದ್ರೆ ಕಣ್ಮುಚ್ಚಿ ಹಿಡೀತಿದ್ದ ಚೆಂಡನ್ನ ಈಗ ಕೈಬಿಡ್ತಿದ್ದ ಅಂತೀಯಾ? ಮನಸ್ಸು ಇಲ್ಲಿಲ್ಲ ಕಣಮ್ಮ ಅವನಿಗೆ."

"ಕಾರಿಗೂ ಅದಕ್ಕೂ ಏನಪ್ಪಾ ಸಂಬಂಧ?"

"ಏನೋ ಇದ್ದೇ ಇರುತ್ತೆ."

ಕಿರ್ಸ್ಟಿಗೆ ಯಾರೂ ಅನುಮಾನ ಕಲಿಸಬೇಕಾಗಿರಲಿಲ್ಲ. ಅವಳ ಗಂಡ ಶಾನ್ ಲಾರಿ ಓಡಿಸುತ್ತಿದ್ದ. ವಾರದಲ್ಲಿ ಎರಡು ರಾತ್ರಿ ಹೊರಗಿರುತ್ತಿದ್ದ. ಆ ಎರಡು ರಾತ್ರಿ ಅವನು ಡಾಂಕಾಸ್ಟರ್‌ನಲ್ಲಿ ಇನ್ನೊಬ್ಬ ಹೆಂಗಸಿನ ಮನೆಯ ಹೂದೋಟಕ್ಕೆ ನೀರು ಹಾಕುತ್ತಿದ್ದ ಎಂದು ಗೊತ್ತಾಗುವ ಹೊತ್ತಿಗೆ ಮದುವೆಗೆ ಆರು ವರ್ಷ ಆಗಿತ್ತು. ಅಲ್ಲಿಂದ ಈಚೆಗೆ ಯಾವ ಗಂಡಸು ಏನು ಹೇಳಿದರೂ ಅವಳು ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದಳು.

ಆದರೂ ಕನ್ನಡಿ ಇತ್ತು. ಕನ್ನಡಿಯಲ್ಲಿ ಡಾಮ್ ಇದ್ದ.

ಗಂಡಸರು ಹೆಂಗಸರನ್ನು ಹೇಗೆ ನೋಡುತ್ತಾರೆಂದು ಬಸ್ಸಿನ ಡ್ರೈವರಿಗೆ ಚೆನ್ನಾಗಿ ಗೊತ್ತು. ಕಣ್ಣಂಚಿನಿಂದ, ಫೋನಿನ ಮರೆಯಿಂದ, ಕಿಟಕಿ ನೋಡುವ ನೆಪದಿಂದ. ಡಾಮ್ ಹಾಗಲ್ಲ. ಅವನು ಇಡೀ ಮುಖವನ್ನೇ ಅವಳ ಕಡೆ ತಿರುಗಿಸುತ್ತಿದ್ದ. ಗದ್ದ ಭುಜಕ್ಕೆ ತಾಗುವಷ್ಟು ಕತ್ತು ಹೊರಳಿಸಿ, ಒಂಚೂರು ಓರೆಯಾಗಿ, ನಾಚಿಕೆಯಿಲ್ಲದೆ ನೋಡುತ್ತಿದ್ದ. ಹಾಗೆ ನೋಡಿಸಿಕೊಂಡು ಅವಳಿಗೆ ಎಷ್ಟೋ ಕಾಲವಾಗಿತ್ತು. ಬಹುಶಃ ಯಾವತ್ತೂ ಆಗಿರಲಿಲ್ಲ.

"ರಸ್ತೆ ಆ ಕಡೆ ಇದೆ," ಎಂದಳು ಒಂದು ದಿನ.

"ರಸ್ತೆ ನೋಡೋದು ನಿಮ್ಮ ಕೆಲಸ."

"ನಿಮ್ಮ ಕೆಲಸ ಏನು ಹಾಗಾದ್ರೆ?"

"ನೀವು ನಗ್ತೀರಾ ಇಲ್ವಾ ಅಂತ ಕಾಯೋದು."

"ಕಾಯ್ತಾ ಇರಿ."

ಅವಳು ನಗಲಿಲ್ಲ. ಆದರೆ ಮುಂದಿನ ತಿರುವಿನಲ್ಲಿ ಕನ್ನಡಿ ನೋಡಿದಾಗ ಅವಳ ತುಟಿಯ ಒಂದು ಮೂಲೆ ತನ್ನಷ್ಟಕ್ಕೆ ಮೇಲೆದ್ದಿತ್ತು. ಡಾಮ್ ಆಟ ಗೆದ್ದವನಂತೆ ಎರಡೂ ಕೈ ಎತ್ತಿದ. ಎನಿಡ್ ಅಜ್ಜಿ ಚಪ್ಪಾಳೆ ತಟ್ಟಿದಳು.

ಮಾರ್ಚ್ ಬಂದಾಗ ಅವರು ಕಾಲುವೆಯ ದಡದಲ್ಲಿ ಕಾಗದದಲ್ಲಿ ಸುತ್ತಿದ ಮೀನು ಮತ್ತು ಚಿಪ್ಸ್ ತಿನ್ನುತ್ತ ನಡೆದಾಡುತ್ತಿದ್ದರು. "ನೀವು" ಯಾವಾಗ "ನೀನು" ಆಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅವನು ಯಾವಾಗಲೂ ಅವಳ ಬಲಗಡೆಗೇ ಬಂದು ನಡೆಯುತ್ತಿದ್ದ. ಎಲ್ಲಾದರೂ ಅವಳು ಆ ಕಡೆ ಹೋದರೆ ನಯವಾಗಿ ಸುತ್ತಿ ಬಂದು ಮತ್ತೆ ಅಲ್ಲೇ ಸೇರಿಕೊಳ್ಳುತ್ತಿದ್ದ. ಹಳೆಯ ಕಾಲದ ಮರ್ಯಾದೆ ಎಂದು ಅವಳಿಗೆ ಅದೂ ಇಷ್ಟವಾಗಿತ್ತು. ವಿನೆಗರ್ ಅಂಟಿದ ಬೆರಳಿನಿಂದ ಅವನು ಅವಳ ಕೆನ್ನೆಯ ಮೇಲಿನ ಕೂದಲು ಸರಿಸಿದಾಗ, ಬೆರಳು ಮೊದಲು ಕಿವಿಗೆ ತಾಗಿ ಆಮೇಲೆ ಕೆನ್ನೆಗೆ ಬಂತು.

"ದಾರಿ ತಪ್ಪಿತಾ?"

"ಹುಡುಕ್ತಾ ಹೋದ್ರೆ ಜಾಸ್ತಿ ಹೊತ್ತು ಸಿಗುತ್ತೆ."

ಅವಳು ಅವನಿಗೆ ಮುತ್ತು ಕೊಟ್ಟಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು: ಇಷ್ಟು ಸಿಹಿಯಾಗಿ ಮಾತಾಡುವವನು ಎಲ್ಲೋ ಏನೋ ಮುಚ್ಚಿಡುತ್ತಿರಬೇಕು.

*

ಮುಚ್ಚಿಟ್ಟದ್ದು ಗುರುವಾರಗಳಲ್ಲಿ ಇತ್ತು.

ಗುರುವಾರ ಅವನು ಸಿಗುತ್ತಿರಲಿಲ್ಲ. ಒಮ್ಮೆ "ಜಿಮ್," ಒಮ್ಮೆ "ಮೀಟಿಂಗ್." ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದ. ಮೆಸೇಜ್ ಬಂದರೆ ಎದ್ದು ಹೋಗಿ ಓದುತ್ತಿದ್ದ. ಶಾನ್ ಕೂಡ ಎದ್ದು ಹೋಗಿಯೇ ಓದುತ್ತಿದ್ದ.

ಏಪ್ರಿಲ್ ಮೊದಲ ಗುರುವಾರ ಲೀಡ್ಸ್ ರೂಟಿನ ಡ್ರೈವರಿಗೆ ಜ್ವರ. ಕಿರ್ಸ್ಟಿಯನ್ನು ಕಳುಹಿಸಿದರು. ಲೀಡ್ಸ್ ಮಾರ್ಕೆಟ್ಟಿನ ಹತ್ತಿರ ಸಿಗ್ನಲ್ ಕೆಂಪಾಗಿ ಬಸ್ಸು ನಿಂತಾಗ ಅವಳ ಮುಂದೆಯೇ ಅವನು ರಸ್ತೆ ದಾಟಿದ. ಮೋಡ ಕವಿದ ದಿನ, ಅವನಿಗೆ ಕಪ್ಪು ಕನ್ನಡಕ. ಕೆಂಪು ಕೋಟಿನ ಹೆಂಗಸೊಬ್ಬಳು ಅವನ ತೋಳಿಗೆ ತೋಳು ಹೆಣೆದಿದ್ದಳು. ಅವಳು ಏನೋ ಹೇಳಿದಳು, ಅವನು ತಲೆ ಬಾಗಿಸಿ ನಕ್ಕ. ಫುಟ್‌ಪಾತಿನ ಅಂಚಿಗೆ ಬಂದಾಗ ಅವಳು ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಿಂದಿನ ಕಾರುಗಳು ಹಾರ್ನ್ ಹಾಕಿದ ಮೇಲೇ ಸಿಗ್ನಲ್ ಹಸಿರಾದದ್ದು ಅವಳಿಗೆ ತಿಳಿದದ್ದು.

ಸಂಜೆ ಫೋನ್ ಮಾಡಿದಳು. "ಇವತ್ತು ಎಲ್ಲಿದ್ದೆ?"

"ಜಿಮ್ಮಲ್ಲಿ. ಮೈಯೆಲ್ಲ ನೋವು ಮಾರಾಯ್ತಿ."

"ಪಾಪ," ಎಂದು ಫೋನ್ ಇಟ್ಟಳು.

ಮರುದಿನ ಬೆಳಗ್ಗೆ ಅವನು ಬಸ್ಸು ಹತ್ತಿ ಎಂದಿನ ಹಾಗೆ ಮುಖ ತಿರುಗಿಸಿದ. ಅವಳು ನೇರ ರಸ್ತೆಯನ್ನೇ ನೋಡುತ್ತಿದ್ದಳು.

"ಕಾರ್ಡ್ ತೋರಿಸಿ. ಕೂತ್ಕೊಳ್ಳಿ."

"'ಕೂತ್ಕೊಳ್ಳಿ'ನಾ? ಏನಾಯ್ತು ಕಿರ್ಸ್ಟಿ?"

"ಹಿಂದೆ ಜನ ಕಾಯ್ತಿದಾರೆ."

ಎನಿಡ್ ಅಜ್ಜಿ ಇಬ್ಬರನ್ನೂ ನೋಡಿ ಚೀಲದಲ್ಲಿ ಏನೋ ಹುಡುಕತೊಡಗಿದಳು. ಕೊನೆಯ ಸ್ಟಾಪು ಮೈದಾನದ ಎದುರಿಗೆ. ಎಲ್ಲರೂ ಇಳಿದರು. ಅವನು ಇಳಿಯಲಿಲ್ಲ.

"ಹೇಳು ಈಗ," ಎಂದ.

"ಕೆಂಪು ಕೋಟು ಅವಳಿಗೆ ಚೆನ್ನಾಗಿ ಒಪ್ಪುತ್ತೆ."

ಅವನ ಮುಖದ ಬಣ್ಣ ಹೋಯಿತು. ಅದನ್ನು ನೋಡಿ ಅವಳ ಎದೆಯಲ್ಲಿ ಉಳಿದಿದ್ದ ಸಣ್ಣ ಆಸೆಯೂ ಹೋಯಿತು.

"ಅದು ನೀನು ಅಂದ್ಕೊಂಡಿರೋ ಹಾಗಲ್ಲ."

"ಶಾನ್ ಕೂಡ ಇದೇ ಮಾತು ಹೇಳಿದ್ದ, ಪದ ಪದಾನೂ. ನಿಮಗೆಲ್ಲ ಒಬ್ರೇ ಮೇಷ್ಟ್ರು ಇರ್ಬೇಕು."

"ಅವಳು ನನ್ನ ಅಕ್ಕ."

"ಅಕ್ಕನ ಜೊತೆ ಓಡಾಡೋಕೆ ಸುಳ್ಳು ಯಾಕೆ? ಕಪ್ಪು ಕನ್ನಡಕ ಯಾಕೆ?"

"ಹೇಳೋಕಾಗಲ್ಲ."

"ಇಳಿ ಹಾಗಾದ್ರೆ."

ಅವನು ಇಳಿದ. ಚೀಲ ಹೆಗಲಿಗೇರಿಸಿ, ಬಸ್ಸಿನ ಮುಂದಿನಿಂದ, ತಲೆ ಬಗ್ಗಿಸಿಕೊಂಡು ರಸ್ತೆಗೆ ಕಾಲಿಟ್ಟ. ಬಲಗಡೆಯಿಂದ ಬಿಳಿ ವ್ಯಾನೊಂದು ಬಸ್ಸನ್ನು ದಾಟಿ ಮುಂದೆ ಬರುತ್ತಿರುವುದು ಅವಳಿಗೆ ಪಕ್ಕದ ಕನ್ನಡಿಯಲ್ಲಿ ಕಾಣಿಸಿತು. ವೇಗ ಜಾಸ್ತಿ ಇರಲಿಲ್ಲ. ಎಂಥವನಿಗೂ ಕಾಣುವಷ್ಟು ದೊಡ್ಡದಾಗಿತ್ತು. ಅವನು ನಿಲ್ಲಲಿಲ್ಲ.

ಅವಳು ಹಾರ್ನ್ ಮೇಲೆ ಎರಡೂ ಕೈ ಊರಿದಳು. ವ್ಯಾನಿನ ಬ್ರೇಕು ಕಿರುಚಿತು. ವ್ಯಾನಿನ ಕನ್ನಡಿ ಅವನ ತೋಳನ್ನು ಸವರಿ ಮಡಚಿಕೊಂಡಿತು. ವ್ಯಾನಿನವನು ಕಿಟಕಿಯಿಂದ ತಲೆ ಹಾಕಿ ಬೈದ. ಡಾಮ್ ರಸ್ತೆಯ ಮಧ್ಯೆ ನಿಂತು, ಕತ್ತು ಪೂರ್ತಿ ಹೊರಳಿಸಿ, ಆ ವ್ಯಾನನ್ನು ಆಗ ತಾನೇ ನೆಲದಿಂದ ಎದ್ದು ಬಂದದ್ದೇನೋ ಎಂಬಂತೆ ನೋಡಿದ.

ಕಿರ್ಸ್ಟಿ ಓಡಿಹೋಗಿ ಅವನನ್ನು ಎಳೆದು ತಂದು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದಳು.

"ಕಾಣಲಿಲ್ವಾ?"

"ಇಲ್ಲ."

"ಅಷ್ಟು ದೊಡ್ಡ ವ್ಯಾನು, ಡಾಮ್."

ಅವಳು ಅವನ ಬಲ ಕಿವಿಯ ಹತ್ತಿರ ಕೈ ಎತ್ತಿದಳು. "ಎಷ್ಟು ಬೆರಳು?"

"ಯಾವ ಕೈಯಲ್ಲಿ?" ಎಂದ ಡಾಮ್.

*

ಕಳೆದ ಸೆಪ್ಟೆಂಬರಿನ ಆಟವೊಂದರಲ್ಲಿ ಎದುರಾಳಿಯ ಮೊಣಕಾಲು ಬಲಗಣ್ಣಿಗೆ ಬಡಿದಿತ್ತು. ಹೊರಗಿನ ಊತ ವಾರದಲ್ಲಿ ಇಳಿಯಿತು. ಒಳಗಿನ ಗಾಯ ಇಳಿಯಲಿಲ್ಲ. ನೋಟ ನಡುವಿನಿಂದ ಕರಗುತ್ತ ಬಂದು ಕ್ರಿಸ್‌ಮಸ್ ಹೊತ್ತಿಗೆ ಆ ಕಣ್ಣಿಗೆ ಬೂದು ಬಣ್ಣ ಮಾತ್ರ ಉಳಿದಿತ್ತು. ಕಾರನ್ನು ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿದ ಮೇಲೆ ಮಾರಿಬಿಟ್ಟ. ಗುರುವಾರಗಳಲ್ಲಿ ಲೀಡ್ಸ್‌ನ ಕಣ್ಣಿನ ಆಸ್ಪತ್ರೆ. ಔಷಧಿ ಹಾಕಿ ಪಾಪೆ ಹಿಗ್ಗಿಸಿದರೆ ಒಳ್ಳೆಯ ಕಣ್ಣೂ ಮಬ್ಬಾಗುತ್ತಿತ್ತು. ಅದಕ್ಕೆ ಅಕ್ಕ ಬೆಥನಿಯ ತೋಳು, ಅದಕ್ಕೆ ಕಪ್ಪು ಕನ್ನಡಕ.

"ಡಾಕ್ಟರು ಏನಂತಾರೆ?"

"ಆಟ ಬಿಡು ಅಂತಾರೆ. ಇನ್ನೊಂದು ಕಣ್ಣಿಗೂ ಏಟು ಬಿದ್ರೆ ಕತ್ತಲೆ ಅಂತಾರೆ."

"ಕ್ಲಬ್ಬಿಗೆ?"

"ಹೇಳಿಲ್ಲ. ಹೇಳಿದ್ರೆ ಅವತ್ತೇ ಮುಗೀತು." ಅವನು ತನ್ನ ದೊಡ್ಡ ಅಂಗೈಗಳನ್ನು ನೋಡಿಕೊಂಡ. "ಹದಿನಾರನೇ ವಯಸ್ಸಿಂದ ನಾನು ಮಾಡಿರೋದು ಇದೊಂದೇ ಕಿರ್ಸ್ಟಿ. ಬೆಳಗ್ಗೆ ಎದ್ರೆ ಯಾವ ಬೂಟು ಹಾಕ್ಕೋಬೇಕು ಅಂತ ಗೊತ್ತಿರುತ್ತೆ. ಅದು ಗೊತ್ತಿಲ್ಲದೆ ಏಳೋದು ಹೇಗೆ?"

ಅವಳು ಅವನ ಪಕ್ಕದಲ್ಲಿ ಕುಳಿತಳು. ಯಂತ್ರಕ್ಕೆ ತಾಗದ ಕಾರ್ಡು, ಕಾಲುವೆ ದಡದಲ್ಲಿ ಅವಳ ಬಲಗಡೆಗೇ ಬರುವ ಹಠ, ಕಿವಿಗೆ ತಾಗಿದ ಬೆರಳು, ಒಂದೊಂದೂ ಎದ್ದು ಬೇರೆ ಜಾಗದಲ್ಲಿ ಹೋಗಿ ಕುಳಿತವು. ಕೊನೆಗೆ ಆ ನೋಟವೂ.

"ಓ," ಎಂದಳು. "ಮುಖ ತಿರುಗಿಸಿ ನೋಡ್ತಿದ್ದದ್ದು... ಅದು ಕಣ್ಣು ಕಾಣದೆ."

"ಹೂಂ."

"ನಾನು ಏನೇನೋ ಅಂದ್ಕೊಂಡಿದ್ದೆ." ಅವಳ ದನಿಯಲ್ಲಿ ನಾಚಿಕೆ ಇತ್ತು, ಸ್ವಲ್ಪ ನೋವೂ ಇತ್ತು.

"ಕಣ್ಣು ಕಾಣದೆ ಇದ್ರೆ ಕತ್ತು ತಿರುಗಿಸ್ಬೇಕು, ನಿಜ," ಎಂದ ಡಾಮ್. "ಆದ್ರೆ ನೀನು ಬಲಗಡೆ, ಕಿಟಕಿ ಎಡಗಡೆ ಇತ್ತು. ಎಡಗಡೆ ನೋಡೋಕೆ ನಂಗೆ ಯಾವ ಕಷ್ಟಾನೂ ಇರ್ಲಿಲ್ಲ."

ಅದನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳು ಅವನ ತೋಳಿನ ಮೇಲೆ, ವ್ಯಾನು ಸವರಿದ್ದ ಜಾಗದಲ್ಲಿ, ಹಣೆ ಇಟ್ಟಳು.

"ಯಾರಿಗೂ ಹೇಳ್ಬೇಡ," ಎಂದ ಅವನು. "ಹಾಲ್ಡನ್ ಮ್ಯಾಚ್ ಒಂದು ಆಗ್ಲಿ."

ಹೇಳುವುದಿಲ್ಲ ಎಂದಳು. ಹೇಳಿದ ಗಳಿಗೆಯಿಂದ ಆ ಮಾತು ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

*

ಮುಂದಿನ ಎರಡು ಭಾನುವಾರ ಅವಳು ಅವನನ್ನು ಮನೆಗೆ ಊಟಕ್ಕೆ ಕರೆದಳು. ಅಪ್ಪ ಹುರಿದ ಮಾಂಸ ಕೊಯ್ಯುತ್ತ ಪೊಲೀಸಿನವನ ಹಾಗೆ ವಿಚಾರಣೆ ನಡೆಸಿದ.

"ಹಾಲ್ಡನ್‌ನಲ್ಲಿ ಮನೆಗಳು ಚೆನ್ನಾಗಿವೆಯಂತೆ?"

"ನಂಗೆ ಗೊತ್ತಿಲ್ಲ ಮಿಸ್ಟರ್ ಹಾಲ್ರಾಯ್ಡ್."

"ನೋಡೋಕೆ ಹೋಗಿಲ್ವಾ?"

"ಅಪ್ಪಾ," ಎಂದಳು ಕಿರ್ಸ್ಟಿ.

"ಸುಮ್ನೆ ಕೇಳ್ದೆ ಕಣಮ್ಮ. ಗ್ರೇವಿ ತಗೊಳಪ್ಪಾ."

ನೆವಿಲ್ ಗ್ರೇವಿಯ ಜಗ್ಗನ್ನು ಡಾಮ್‌ನ ಬಲಗಡೆ ಇಟ್ಟ. ಡಾಮ್‌ನ ಮೊಣಕೈ ತಾಗಿ ಅದು ಮಗುಚಿತು. ಎಲ್ಲರೂ ನಕ್ಕು ಬಟ್ಟೆ ತಂದು ಒರೆಸಿದರು. ಎರಡನೇ ಭಾನುವಾರ ನೆವಿಲ್ ಅದೇ ಜಗ್ಗನ್ನು ಅದೇ ಕಡೆ ಇಟ್ಟು ಗಡ್ಡ ಕೆರೆದುಕೊಳ್ಳುತ್ತ ಸುಮ್ಮನೆ ನೋಡಿದ. ಜಗ್ಗು ಮತ್ತೆ ಮಗುಚಿತು. ಆ ದಿನ ನೆವಿಲ್ ಹಾಲ್ಡನ್ ಬಗ್ಗೆ ಏನೂ ಕೇಳಲಿಲ್ಲ.

ಗುಡ್ ಫ್ರೈಡೇ ದಿನ ಹಾಲ್ಡನ್ ವಿರುದ್ಧದ ಆಟ. ವರ್ಷಗಳ ಮೇಲೆ ಕಿರ್ಸ್ಟಿ ಅಪ್ಪನ ಜೊತೆ ಮೈದಾನಕ್ಕೆ ಹೋದಳು. ಊರಿಗೆ ಊರೇ ಅಲ್ಲಿತ್ತು. ಮೊದಲ ಎತ್ತರದ ಚೆಂಡನ್ನು ಡಾಮ್ ಕೈಬಿಟ್ಟ. "ಹೋಗೋ ಹಾಲ್ಡನ್‌ಗೆ," ಎಂದು ಹಿಂದಿನಿಂದ ಯಾರೋ ಕೂಗಿದರು. ಎರಡನೆಯದನ್ನು ಎದೆಗೆ ಅಪ್ಪಿಕೊಂಡು ಹಿಡಿದ. ಹಿಡಿದ ಮರುಗಳಿಗೆ ಅವನ ಬಲಗಡೆಯಿಂದ ಬಂದ ಎದುರಾಳಿಯ ಭುಜ ಅವನನ್ನು ನೆಲಕ್ಕೆ ಬಡಿಯಿತು. ಅವನಿಗೆ ಅದು ಬರುತ್ತಿರುವುದು ಗೊತ್ತೇ ಇರಲಿಲ್ಲ. ಮೈ ಬಿಗಿ ಮಾಡಿಕೊಂಡಿರಲಿಲ್ಲ. ಕಿರ್ಸ್ಟಿ ಅಪ್ಪನ ತೋಳನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು. ಅಪ್ಪ ಆಟ ನೋಡುವುದು ಬಿಟ್ಟು ಅವಳ ಮುಖ ನೋಡುತ್ತಿದ್ದ.

ಥಾರ್ನ್‌ಬಿ ಗೆದ್ದಿತು. ಕೂಗಿದವರೇ ಎದ್ದು ನಿಂತು ಹಾಡಿದರು.

ಮಂಗಳವಾರ ಚರ್ಚ್ ಸ್ಟಾಪಿನಲ್ಲಿ ಡಾಮ್ ಇರಲಿಲ್ಲ. ಬುಧವಾರವೂ ಇಲ್ಲ. ಫೋನ್ ಎತ್ತಲಿಲ್ಲ. ಗುರುವಾರ ರೇಡಿಯೋದಲ್ಲಿ ಬಂತು: ಕಣ್ಣಿನ ಗಾಯದಿಂದ ಡಾಮಿನಿಕ್ ಸಗ್ಡೆನ್ ಆಟದಿಂದ ನಿವೃತ್ತ.

ಪಾಳಿ ಮುಗಿದದ್ದೇ ಅವಳು ಅವನ ಮನೆಗೆ ಹೋದಳು. ಬಾಗಿಲು ತೆರೆದವಳು ಬೆಥನಿ. ಹಿತ್ತಲ ಕಡೆ ಕೈ ತೋರಿಸಿದಳು. ಡಾಮ್ ಅಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದ. ಅವಳ ಕಡೆ ಮುಖ ತಿರುಗಿಸಲಿಲ್ಲ.

"ಯಾರೋ ಫೋನ್ ಮಾಡಿದ್ರಂತೆ ಕೋಚ್‌ಗೆ," ಎಂದ. "ಹೆಸರು ಹೇಳಲಿಲ್ವಂತೆ. 'ಅವನ ಬಲಗಣ್ಣು ಪರೀಕ್ಷೆ ಮಾಡಿಸಿ' ಅಂದ್ರಂತೆ. ಒಳ್ಳೇದಕ್ಕೇ ಮಾಡಿರ್ತೀಯ. ಗೊತ್ತು."

"ನಾನು ಮಾಡಿಲ್ಲ."

"ಗೊತ್ತಿದ್ದದ್ದು ಇಬ್ರಿಗೆ. ಬೆಥ್ ಮಾಡಿಲ್ಲ."

"ಬೆಥ್ ಮಾಡಿಲ್ಲ ಅಂದ್ರೆ ನಂಬ್ತೀಯ. ನಾನು ಅಂದ್ರೆ ನಂಬಲ್ಲ."

"ಅವಳು ನನ್ನ ಅಕ್ಕ."

"ಹೌದು," ಎಂದಳು ಕಿರ್ಸ್ಟಿ. "ಈ ಮಾತನ್ನ ನೀನು ಹೇಳಿದಾಗ ನಾನೂ ನಂಬಿರ್ಲಿಲ್ಲ. ನಂಬದೆ ಇದ್ರೆ ಎದುರಿಗಿರೋರಿಗೆ ಹೇಗಾಗುತ್ತೆ ಅಂತ ನಂಗೆ ಅವತ್ತು ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು."

ಅವನ ಗದ್ದ ಅಲುಗಿತು. ಆದರೂ ಅವನು ತಿರುಗಲಿಲ್ಲ. ಅವಳು ಬಂದ ದಾರಿಯಲ್ಲೇ ಹೊರಟುಹೋದಳು.

*

ಮನೆಯಲ್ಲಿ ಬ್ರೆಡ್ಡು ಕೊಯ್ಯುತ್ತ ಅವಳು ಅಳುತ್ತಿದ್ದಳು. ನೆವಿಲ್ ಬಾಗಿಲಲ್ಲಿ ನಿಂತು ನೋಡಿದ.

"ಆ ಫೋನ್ ನೀನು ಮಾಡ್ದೆ ಅಂತ ಅಂದ್ಕೊಂಡಿದಾನಾ?"

ಅವಳು ಚಾಕು ಕೆಳಗಿಟ್ಟಳು. ಅಪ್ಪನ ದನಿಯಲ್ಲಿ ಇದ್ದದ್ದು ಪ್ರಶ್ನೆಯಲ್ಲ.

"ಅಪ್ಪಾ. ನೀನಾ?"

"ಗ್ರೇವಿ ಜಗ್ಗು ಎರಡು ಸಲ ಚೆಲ್ಲಿದ. ಎಡಗಡೆ ಇದ್ದ ಉಪ್ಪು ಒಂದು ಸಲಾನೂ ಚೆಲ್ಲಲಿಲ್ಲ." ನೆವಿಲ್ ನಿಧಾನವಾಗಿ ಕುರ್ಚಿಗಿಳಿದ. "ಎರಡು ತಿಂಗಳು ನಾನು ಅವನನ್ನ ಊರಿಗೆ ದ್ರೋಹ ಮಾಡಿದ ಕಳ್ಳ ಅಂದೆ. ಆಮೇಲೆ ಆ ಮ್ಯಾಚಲ್ಲಿ ನಿನ್ನ ಮುಖ ನೋಡ್ದೆ. ನಿಂಗೂ ಗೊತ್ತು, ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದೀಯ ಅಂತ ಗೊತ್ತಾಯ್ತು."

"ಅವನೇ ಬಿಡ್ತಿದ್ದ ಅಪ್ಪಾ. ಅವನೇ ಹೇಳ್ತಿದ್ದ. ಅದು ಅವನದ್ದಾಗಿತ್ತು."

"ಬಿಡ್ತಿರ್ಲಿಲ್ಲ ಮಗಳೇ. ನನ್ನ ಕಾಲು ನೋಡು. ಇನ್ನೊಂದೇ ಆಟ, ಇನ್ನೊಂದೇ ಆಟ ಅಂತ ಆಡಿದ ಕಾಲು ಇದು." ಕೋಲನ್ನು ಮೇಜಿಗೆ ಒರಗಿಸಿದ. "ಅವನೊಬ್ಬನಿಗೋಸ್ಕರ ಅಂತ ಸುಳ್ಳು ಹೇಳಲ್ಲ. ಆ ಇನ್ನೊಂದು ಕಣ್ಣೂ ಹೋದ್ರೆ ಅವನ ಕೈ ಹಿಡ್ಕೊಂಡು ಜೀವಮಾನ ನಡೆಸೋಳು ನೀನು. ನಗ್ತಾ ನಗ್ತಾ ನಡೆಸ್ತಿದ್ದೆ. ನಂಗೆ ಅದು ಬೇಕಿರ್ಲಿಲ್ಲ."

ಅವಳಿಗೆ ಅಪ್ಪನ ಮೇಲೆ ಸಿಟ್ಟು ಉಕ್ಕಿತು. ಚಹಾ ಮಾಡಿ ಅವನ ಮುಂದೆ ಕುಕ್ಕಿ, ತನ್ನ ಕೋಣೆಗೆ ಹೋಗಿಬಿಟ್ಟಳು.

ಮರುದಿನ ಬೆಳಗ್ಗೆ ಅವಳ ಬಸ್ಸಿಗೆ ನೆವಿಲ್ ಹತ್ತಿದ. ಟೈ ಕಟ್ಟಿದ್ದ. ಎನಿಡ್ ಅಜ್ಜಿ, "ಯಾರ ಸಾವಿಗೆ ಹೊರಟೆ ನೆವಿಲ್?" ಎಂದು ಕೇಳಿದಳು.

"ನನ್ನ ಸಾವಿಗೇ," ಎಂದ ನೆವಿಲ್, ಚರ್ಚ್ ಸ್ಟಾಪಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತ.

ಅವನು ಡಾಮ್‌ನ ಮನೆಯಲ್ಲಿ ಏನು ಹೇಳಿದನೋ, ಎಷ್ಟು ಹೊತ್ತು ಇದ್ದನೋ ಕಿರ್ಸ್ಟಿ ಕೇಳಲಿಲ್ಲ. ಸಂಜೆ ಮನೆಗೆ ಬಂದ ಅಪ್ಪನ ಕಣ್ಣು ಕೆಂಪಾಗಿತ್ತು. "ಅವನು ನನಗೆ ಚಹಾ ಕೊಟ್ಟ," ಎಂದಷ್ಟೇ ಹೇಳಿದ. "ಮೊದಲು ಬೈದ. ಆಮೇಲೆ ಚಹಾ ಕೊಟ್ಟ."

*

ಡಾಮ್ ಬಂದದ್ದು ಬಸ್‌ಸ್ಟ್ಯಾಂಡಿಗೆ, ಮಧ್ಯಾಹ್ನ, ಅವಳ ಬಿಡುವಿನ ಹೊತ್ತಿಗೆ. ಅವಳು ಡ್ರೈವರ್ ಸೀಟಿನಲ್ಲೇ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಪ್ರಯಾಣಿಕರು ಒಬ್ಬೊಬ್ಬರಾಗಿ ಹತ್ತಿ ಕೂರತೊಡಗಿದ್ದರು.

"ತಪ್ಪಾಯ್ತು," ಎಂದ.

"ಹೌದು, ಆಯ್ತು."

"ನಿನ್ನನ್ನ ನಂಬಬೇಕಿತ್ತು."

"ನಾನೂ ನಿನ್ನನ್ನ ನಂಬಬೇಕಿತ್ತು. ಲೆಕ್ಕ ಸರಿಹೋಯ್ತು. ಇನ್ನೇನು?"

ಅವನು ಉಣ್ಣೆಯ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಅವಳು ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಮಡಚಿಟ್ಟಳು.

"ಒಂದು ಕೇಳ್ತೀನಿ ಡಾಮ್. ಈಗ ನಿಂಗೆ ಆಟ ಇಲ್ಲ. ಹೋಗೋಕೆ ಬೇರೆ ಜಾಗ ಇಲ್ಲ. ಅದಕ್ಕೇ ಇಲ್ಲಿಗೆ ಬಂದ್ಯಾ?"

ಹತ್ತಿರದ ಸೀಟುಗಳಲ್ಲಿ ಮಾತು ನಿಂತಿತು.

"ಇರಬಹುದು," ಎಂದ ಡಾಮ್. "ಬೆಳಗ್ಗೆ ಎದ್ರೆ ಏನು ಮಾಡ್ಬೇಕು ಅಂತ ನಿಜವಾಗ್ಲೂ ಗೊತ್ತಾಗ್ತಿಲ್ಲ. ಎದ್ದು ಅಡುಗೆಮನೇಲಿ ನಿಂತಿರ್ತೀನಿ. ಆದ್ರೆ ಎಲ್ಲಾನೂ ಇದ್ದಾಗ್ಲೂ ನಾನು ಬರ್ತಿದ್ದದ್ದು ಈ ಬಸ್ಸಿಗೇ. ಮೈದಾನಕ್ಕೆ ಹೋಗೋಕೆ ಟೀಮಿನವರ ಕಾರು ದಿನಾ ನಮ್ಮ ಬೀದಿ ಮೇಲೇ ಹಾದು ಹೋಗ್ತಿತ್ತು. ಕರೀತಿದ್ರು. ಬೇಡ ಅಂತಿದ್ದೆ."

ಅದು ಅವಳಿಗೆ ಗೊತ್ತಿರಲಿಲ್ಲ.

"ನಾನು ಸುಲಭದವಳಲ್ಲ," ಎಂದಳು. "ಯಾರಾದ್ರೂ ಒಳ್ಳೆ ಮಾತಾಡಿದ್ರೆ ಅದರೊಳಗೆ ಸುಳ್ಳು ಎಲ್ಲಿದೆ ಅಂತ ಮೊದ್ಲು ಹುಡುಕ್ತೀನಿ. ನಿನ್ನ ಜೊತೇನೂ ಹಾಗೇ ಮಾಡ್ತೀನಿ. ಎಲ್ಲಿದ್ದೆ, ಯಾರ ಜೊತೆ ಇದ್ದೆ, ಯಾಕೆ ತಡ ಆಯ್ತು ಅಂತ ಕೇಳ್ತೀನಿ."

"ಕೇಳು. ಪ್ರತಿ ಸಲಾನೂ ಹೇಳ್ತೀನಿ."

"ಬೇಜಾರಾಗಲ್ವಾ?"

"ಆಗುತ್ತೆ," ಎಂದ ಡಾಮ್. "ಆದ್ರೂ ಹೇಳ್ತೀನಿ."

ಜೀವನದಲ್ಲಿ ಯಾವ ಗಂಡಸೂ ಅವಳಿಗೆ ಇಷ್ಟು ಸಪ್ಪೆಯಾದ ಮಾತು ಕೊಟ್ಟಿರಲಿಲ್ಲ. ಅವಳು ಅದನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲೂ ಅದೇ ಇತ್ತು.

ಅವಳು ಸೀಟಿನ ಪಕ್ಕದ ಚಿಕ್ಕ ಬಾಗಿಲು ತೆರೆದು ಹೊರಬಂದಳು. "ನಾನು ನಿನ್ನನ್ನ ಪ್ರೀತಿಸ್ತೀನಿ ಡಾಮ್ ಸಗ್ಡೆನ್," ಎಂದಳು, ಸ್ಟಾಪಿನ ಹೆಸರು ಹೇಳುವಷ್ಟು ಸ್ಪಷ್ಟವಾಗಿ. ಅವನು ಅವಳ ಹೆಗಲಿಗೆ ಮುಖ ಒತ್ತಿಕೊಂಡು ನಿಂತ. ಆ ದೊಡ್ಡ ಬೆನ್ನು ನಡುಗುತ್ತಿತ್ತು. ಆಟ ಹೋದದ್ದಕ್ಕೆ ಅವನು ಅತ್ತದ್ದು ಆಗಲೇ, ಮೊದಲ ಸಲ. ಅವಳು ಅವನ ಕತ್ತಿನ ಹಿಂದೆ ಕೈಯಿಟ್ಟು, ಅವನು ಮುಗಿಸುವ ತನಕ ಕಾದಳು. ಆಮೇಲೆ ಅವನು ಅವಳ ಕಿವಿಯಲ್ಲಿ ಅದೇ ಮಾತನ್ನು ಹೇಳಿದ, ಆಮೇಲೆ ಮುತ್ತು. ಹಿಂದಿನ ಸೀಟಿನವರು ಗಡಿಯಾರ ನೋಡಿಕೊಂಡರು, ಇಳಿದು ಹೋಗಲಿಲ್ಲ.

ಆ ದಿನ ಅವಳ ಹದಿನೇಳನೇ ನಂಬರ್ ಬಸ್ಸು ತಡವಾಗಿ ಹೊರಟಿತು. ಯಾಕೆ ತಡವೆಂದು ಡಿಪೋದಲ್ಲಿ ಕೇಳಿದಾಗ ಕಿರ್ಸ್ಟಿ ನಡೆದದ್ದನ್ನು ನಡೆದ ಹಾಗೇ ಹೇಳಿದಳು.

ಅವರು ನಂಬಲಿಲ್ಲ.